ಕಾಡವ್ವನನ್ನು ಕಾಯುತ್ತಿದ್ದವರು

ನಮ್ಮ ಅತ್ತೆ ಕಾಡವ್ವನಿಗೆ ನನ್ನನ್ನು ಬೈಯದಿದ್ದರೆ ಉಂಡದ್ದು ಕರಗುವುದಿಲ್ಲ. ಅಂಥವರು ಒಂದು ಬೆಳಿಗ್ಗೆ ನನ್ನನ್ನೇ ದಿಟ್ಟಿಸಿ, "ನೀವ್ ಯಾರ ಪೈಕಿರಿ?" ಎಂದು ಮರ್ಯಾದೆ ಕೊಟ್ಟು ಕೇಳಿದಾಗ ನಾನು ಅವರ ಹಣೆ ಮುಟ್ಟಿ ನೋಡಿದೆ. ಮೈ ಕೆಂಡದಂತೆ ಸುಡುತ್ತಿತ್ತು. ರಾಮತೀರ್ಥ ನಗರದ ನಮ್ಮ ಫ್ಲಾಟಿನೊಳಗೆ, ಎಂದೋ ಊರಲ್ಲಿ ಸಾಕಿದ್ದ ಕುರಿ ಹುಡುಕತೊಡಗಿದ್ದರು.

"ವಯಸ್ಸಾತು ಪ್ರಮಿಳಾ, ಅರಳು ಮರಳು. ಇನ್ನ ಹಿಂಗs," ಎಂದು ನನ್ನ ಗಂಡ ಸೋಮಲಿಂಗ ಕೈಚೆಲ್ಲಿದರು.

ನನಗೆ ರೇಗಿತು. "ನಿನ್ನೆತನಕಾ ನನ್ನ ಪಲ್ಯಾಕ ಹೆಸರಿಟ್ಟೋರಿಗೆ ಒಂದ ರಾತ್ರ್ಯಾಗ ಅರಳು ಮರಳು ಹೆಂಗ ಬರತೈತ್ರಿ?" ಎಂದು ಆಟೋ ಕರೆಸಿ ದವಾಖಾನೆಗೆ ಹೊರಡಿಸಿದೆ.

ಡಾಕ್ಟರ್ ಪದ್ಮಶ್ರೀ ಪರೀಕ್ಷೆ ಮಾಡಿಸಿ ಹೇಳಿದರು: "ಮೂತ್ರದ ಸೋಂಕು ಜೋರಾಗೇತ್ರಿ. ಈ ಜ್ವರಾ, ಈ ಗಲಿಬಿಲಿ ಅದರಿಂದs. ನೀರು ಕಡಿಮಿ ಕುಡೀತಾರೇನ್ರಿ? ತಡಕೊಂಡು ಕುಂದರತಾರೇನು?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಪಾಯಖಾನೆಗೂ ದೇವರಿಗೂ ಒಂದೇ ಗೋಡೆ. ಖಾನಾಪುರದಿಂದ ಬಂದಾಗಿನಿಂದ ಅತ್ತೆ, ದೇವರ ಮುಂದೆ ದೀಪ ಉರಿಯುವಷ್ಟು ಹೊತ್ತೂ ಪಾಯಖಾನೆಗೆ ಹೋಗುತ್ತಿರಲಿಲ್ಲ. ಆ ಗೋಜೇ ಬೇಡವೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಹೋದರೆ ಮೈಲಿಗೆ ಕಳೆಯಲೆಂದು ಗಾಯ ತೊಳೆಯುವ ಔಷಧಿ ಬೆರೆಸಿದ ನೀರಿನಿಂದ ತೊಳೆದುಕೊಳ್ಳುತ್ತಿದ್ದರು. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ.

"ಹೆಣ್ಮಕ್ಕಳ ಆ ಜಾಗದಾಗ ನಮ್ಮನ್ನ ಕಾಯೂ ಒಳ್ಳೆ ಜೀವಾಣು ಇರತಾವ್ರಿ," ಎಂದರು ಡಾಕ್ಟರ್. "ವಯಸ್ಸಾದಂಗ ಅವು ಕಡಿಮಿ ಆಗತಾವು. ಉಳಿದವನ್ನೂ ಆ ಔಷಧಿ ಕೊಂದ್ರ, ಕೆಟ್ಟವು ಸಲೀಸಾಗಿ ಮೂತ್ರದ ದಾರಿ ಹಿಡದು ಮ್ಯಾಲೆ ಏರತಾವು. ಈಗ ಇಂಜೆಕ್ಷನ್ ಕೊಡೂಣು. ಆಮ್ಯಾಲೆ ಒಳ್ಳೇವು ತಿರುಗಿ ಬೆಳಿಯಾಕ ಒಂದು ಮುಲಾಮು ಕೊಡತೀನಿ."

ಅತ್ತೆಯನ್ನು ಅಲ್ಲೇ ಸೇರಿಸಿಕೊಂಡರು. ಸೋಮಲಿಂಗ ಮನೆಗೆ ಹೋಗಿ ದೇವರನ್ನು ಪಡಸಾಲೆಯ ಮೂಡಣ ಗೋಡೆಗೆ ಸರಿಸಿ ಬಂದರು. ನಾನು ಹಾಸಿಗೆಯ ಪಕ್ಕದಲ್ಲೇ ಕೂತೆ. ಅವರು ಕಣ್ಣು ಬಿಟ್ಟಾಗಲೆಲ್ಲ ನನಗೆ 'ರೀ' ಹಚ್ಚಿಯೇ ಮಾತಾಡುತ್ತಿದ್ದರು. ಆ ಮರ್ಯಾದೆ ನನಗೆ ಬೇಕಿರಲಿಲ್ಲ.

ಜ್ವರ ಇಳಿದ ಮುಂಜಾನೆ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪ್ರಮಿಳಾ, ತಲಿ ಬಾಚ್ಕೊಳ್ಳಾಕ ಏನಾಗೇತಿ ನಿನಗ?"

ಅಬ್ಬಾ, ಜೀವ ಬಂದಂತಾಯಿತು. ನೀರು ಕುಡಿಸುತ್ತ, ಡಾಕ್ಟರ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅತ್ತೆ ಲೋಟವನ್ನು ತಾವೇ ಹಿಡಿದುಕೊಂಡರು.

"ಹೌದಲ್ಲವಾ, ಇಷ್ಟ ವರ್ಷ ನನ್ನ ಕಾದಾವು. ಒಂದಿನಾನೂ ಅವನ್ನ ನೆನೀಲಿಲ್ಲ ನಾ," ಎಂದರು. ಆಮೇಲೆ ಲೋಟ ಬದಿಗಿಟ್ಟು ನನ್ನ ಕೈ ಹಿಡಿದುಕೊಂಡರು. "ನಿನ್ನೂ ನೆನೀಲಿಲ್ಲ."

ಬೈಗುಳಕ್ಕೆ ಎಂದೂ ಅಳದವಳು ಆಗ ಅತ್ತುಬಿಟ್ಟೆ.