ಇಬ್ಬರು ತಾಂಕೊಗಳ ಕಾಗದದ ಪೆಟ್ಟಿಗೆ

ನಾನು ಕಾಗದಪತ್ರ ಇಡುವ ಒಂದು ತಗಡಿನ ಪೆಟ್ಟಿಗೆ. ಬೆಂಗಳೂರು ದಂಡಿನಲ್ಲಿ ವೀರಾಚಾರಿ ಎಂಬಾತನ ಅಂಗಡಿಯಲ್ಲಿ ಹುಟ್ಟಿದೆ. ಎರಡನೆಯ ಮಹಾಯುದ್ಧದ ಕಾಲ. ಒಂದೇ ಅಳತೆಯ ಇನ್ನೂರು ಪೆಟ್ಟಿಗೆ ಬೇಕೆಂದು ಸೈನ್ಯದ ಪಟ್ಟಾಳದಿಂದ ಬೇಡಿಕೆ ಬಂದಿತ್ತು. ಹಾಗಾಗಿ ನನ್ನನ್ನು ಮುದ್ದು ಮಾಡಿದವರು ಯಾರೂ ಇಲ್ಲ. ತಗಡು ಕತ್ತರಿಸಿ, ಮಡಿಸಿ, ಮೊಳೆ ಬಡಿದು, ಹಸಿರು ಬಣ್ಣ ಬಳಿದು ಬಿಸಿಲಿಗೆ ಒಗೆದರು. "ಮೂಲೆ ನುಣ್ಣಗೆ ತಟ್ರೋ, ಹೊರೋನ ಕೈ ಕುಯ್ದಾತು," ಎಂದು ಆಚಾರಿ ಹೇಳಿದ್ದೊಂದೇ ನನ್ನ ಬಾಲ್ಯದ ನೆನಪು. ನನ್ನನ್ನು ಹೊರುವವನು ಕೈಯಲ್ಲಿ ಹೊರುವುದಿಲ್ಲ ಎಂಬುದು, ಪಾಪ, ಆತನಿಗೇನು ಗೊತ್ತು.

ಗೂಡ್ಸ್ ಗಾಡಿ ನನ್ನನ್ನು ನಾಸಿಕದ ಹತ್ತಿರದ ಒಂದು ಬಿಡಾರದಲ್ಲಿ ಇಳಿಸಿತು. ಅಲ್ಲಿದ್ದವರು ನೈಜೀರಿಯಾದಿಂದ ಹಡಗಿನಲ್ಲಿ ಬಂದ ಸಿಪಾಯಿಗಳು. ಅವರ ಮೇಲೆ ಬ್ರಿಟಿಷ್ ಅಧಿಕಾರಿಗಳು. ನಾನು ಲೆಫ್ಟಿನೆಂಟ್ ಪಾಸ್ಕೋ ಎಂಬುವರ ಪಾಲಿಗೆ ಬಂದೆ. ಅವರು ಇಂಗ್ಲೆಂಡಿನಲ್ಲಿ ಬಸ್ ಕಂಪನಿಯ ಗುಮಾಸ್ತರಾಗಿದ್ದವರು. ಸಣಕಲು ಮೈ, ಸಿಪ್ಪೆ ಏಳುವ ಕೆಂಪು ಮೂಗು, ಮುದ್ದಾದ ಅಕ್ಷರ. ಆ ಅಕ್ಷರ ಕಂಡೇ ತುಕಡಿಯ ಕಾಗದಪತ್ರವನ್ನೆಲ್ಲ ಅವರ ತಲೆಗೆ ಕಟ್ಟಿದ್ದರು. ಅವರೇನೂ ಆಫ್ರಿಕಾದ ಪಟ್ಟಾಳ ಬೇಕೆಂದು ಕೇಳಿ ಬಂದವರಲ್ಲ. ಕಳಿಸಿದರು, ಬಂದರು.

ಆ ಪಟ್ಟಾಳದಲ್ಲಿ ಒಂದು ಪದ್ಧತಿ ಇತ್ತು. ಭರ್ತಿಯಾದವನ ಹೆಸರಿನ ಜೊತೆ ಅವನ ಊರಿನ ಹೆಸರು ಬರೆಯುವುದು. ಅಪ್ಪನ ಹೆಸರು ಯಾರೂ ಕೇಳುವುದಿಲ್ಲ. ಒಂದೇ ಊರಿನ ಇಬ್ಬರಿಗೆ ಒಂದೇ ಹೆಸರಿದ್ದರೆ ಕೊನೆಗೊಂದು ಅಂಕಿ. ಹೀಗೆ ನಮ್ಮ ತುಕಡಿಯಲ್ಲಿ ತಾಂಕೊ ಯೆಲ್ವಾ ಒಂದು, ತಾಂಕೊ ಯೆಲ್ವಾ ಎರಡು ಎಂಬಿಬ್ಬರಿದ್ದರು. ಯೆಲ್ವಾ ಊರಿನಲ್ಲಿ ಅಕ್ಕಪಕ್ಕದ ಮನೆಯವರು. ಒಂದನೆಯವನಿಗೆ ಮದುವೆಯಾಗಿತ್ತು, ಹೆಂಡತಿಯ ಹೆಸರು ಲಾದಿ. ಎರಡನೆಯವನು ತಾಯಿಗೆ ಒಬ್ಬನೇ ಮಗ.

ಒಂದನೆಯ ತಾಂಕೊ ನನ್ನ ವಾಹನ. ಬರ್ಮಾ ಗಡಿಯ ಕಲದಾನ್ ಕಣಿವೆಯಲ್ಲಿ ರಸ್ತೆಯೂ ಇರಲಿಲ್ಲ, ಹೇಸರಗತ್ತೆಯೂ ಇರಲಿಲ್ಲ. ಮದ್ದುಗುಂಡು, ಅಕ್ಕಿ, ಔಷಧ, ಎಲ್ಲವೂ ಈ ಜನರ ತಲೆಯ ಮೇಲೆಯೇ ಸಾಗಬೇಕು. ತಾಂಕೊ ಬಟ್ಟೆಯ ಸಿಂಬಿ ಸುತ್ತಿ ನನ್ನನ್ನು ಏರಿಸಿಕೊಂಡನೆಂದರೆ ಸಂಜೆಯವರೆಗೆ ಇಳಿಸುತ್ತಿರಲಿಲ್ಲ. ಕುತ್ತಿಗೆ ಮಟ್ಟದ ನೀರಿನಲ್ಲೂ ನನ್ನ ಬುಡ ನೆನೆಯಲಿಲ್ಲ. ಅವರ ಹೌಸಾ ಮಾತು ನನಗೆ ಹೇಗೆ ತಿಳಿಯಿತೆಂದು ಕೇಳಬೇಡಿ. ಒಬ್ಬನ ತಲೆಯ ಮೇಲೆ ತಿಂಗಳುಗಟ್ಟಲೆ ಕೂತು ಅಷ್ಟೂ ಕಲಿಯದಿದ್ದರೆ ತಗಡಿಗಿಂತ ಕಡೆ.

ಬಿಳಿ ಮುಖ ಕಂಡರೆ ಜಪಾನೀಯರು ಗುರಿಯಿಟ್ಟು ಹೊಡೆಯುತ್ತಾರೆಂದು ಪಾಸ್ಕೋ ಸಾಹೇಬರು ದಿನವೂ ಮುಖಕ್ಕೆ ಮಸಿ ಬಳಿದುಕೊಳ್ಳುತ್ತಿದ್ದರು. ಮಧ್ಯಾಹ್ನಕ್ಕೆ ಬೆವರಿಳಿದು ಪಟ್ಟೆಪಟ್ಟೆಯಾದ ಆ ಮುಖ ನೋಡಿ ಸಿಪಾಯಿಗಳು ಮುಸಿಮುಸಿ ನಗುವರು, ಸಾಹೇಬರೂ ನಗುವರು. ಆಮೇಲಾಮೇಲೆ ನಗುವುದಕ್ಕೂ ಯಾರಲ್ಲೂ ತ್ರಾಣ ಉಳಿಯಲಿಲ್ಲ.

ಒಂದು ಬೆಳಿಗ್ಗೆ ನೀರು ತರಲು ಹೋದ ಎರಡನೆಯ ತಾಂಕೊ ಗುಂಡು ತಗುಲಿ ಸತ್ತ. ಒಂದನೆಯವನೇ ಅವನನ್ನು ಮಣ್ಣು ಮಾಡಿ ಬಂದ. ನದಿಯ ಮರಳಿನ ಮೇಲೆ ಗಾಯಾಳುಗಳನ್ನು ಒಯ್ಯುವ ವಿಮಾನ ಕಾಯುತ್ತಿತ್ತು. ಸತ್ತವರ ಪಟ್ಟಿ ಅದರಲ್ಲೇ ಹೋಗಬೇಕು. ಸಾಹೇಬರಿಗೆ ಮಲೇರಿಯಾ, ಹಲ್ಲು ಕಟಕಟ ಎನ್ನುವಷ್ಟು ಚಳಿ. ನನ್ನ ಮುಚ್ಚಳದ ಮೇಲೆ ಕಾಗದವಿಟ್ಟು ಬರೆದರು: ತಾಂಕೊ ಯೆಲ್ವಾ ಒಂದು. ಬಾಯಿದ್ದಿದ್ದರೆ, ಸತ್ತವನು ಎರಡನೆಯವನು ಎಂದು ನಾನು ಹೇಳುತ್ತಿದ್ದೆ. ವಿಮಾನ ಹೋಯಿತು.

ಎಷ್ಟೋ ತಿಂಗಳ ಮೇಲೆ, ದವಸದ ಮೂಟೆಗಳ ಜೊತೆ ಪ್ಯಾರಾಚೂಟಿನಲ್ಲಿ ಟಪಾಲು ಬಿತ್ತು. ಆ ಕಾಡಿಗೆ ಆಕಾಶದಿಂದ ಕಾಗದ ಬೀಳುತ್ತಿತ್ತು, ಪಟ್ಟಾಳದ ಪಟ್ಟಿಗಳನ್ನು ಬಿಟ್ಟರೆ ಸಿಪಾಯಿಗಳು ಮನೆಗೆ ಬರೆಯುವ ಕಾಗದ ಮೇಲೇರುತ್ತಿರಲಿಲ್ಲ. ಅದರಲ್ಲಿ ಯೆಲ್ವಾ ಕಡೆಯ ಜಿಲ್ಲಾಧಿಕಾರಿಯ ಪತ್ರವಿತ್ತು. ತಾಂಕೊ ಯೆಲ್ವಾ ಒಂದು ಎಂಬವನ ಮರಣವನ್ನು ಊರ ಮುಖ್ಯಸ್ಥನ ಮೂಲಕ ಅವನ ಹೆಂಡತಿಗೆ ತಿಳಿಸಲಾಗಿದೆ. ಆಕೆ ಅಲ್ಲಿನ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನದ ಶೋಕ ಮುಗಿಸಿ, ಬಟ್ಟೆಗೆ ಬಣ್ಣ ಹಾಕುವವನೊಬ್ಬನನ್ನು ಮದುವೆಯಾಗಿದ್ದಾಳೆ. ಈ ವಿಷಯ ಇಲ್ಲಿಗೆ ಮುಗಿದಿದೆ.

ಸಾಹೇಬರು ಅದನ್ನು ಮೂರು ಸಲ ಓದಿದರು. ಒಂದನೆಯ ತಾಂಕೊ ಅಲ್ಲೇ ನಾಲ್ಕು ಮಾರು ದೂರದಲ್ಲಿ ಪಾತ್ರೆ ತಿಕ್ಕುತ್ತಿದ್ದ. ಕರೆದು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ತಿದ್ದಲು ಒಂದು ಹಾಳೆ ತೆಗೆದು ತಾರೀಖು ಬರೆದರು, ಅಲ್ಲಿಗೇ ನಿಲ್ಲಿಸಿದರು. ಪತ್ರವನ್ನು ನನ್ನ ತಳಕ್ಕೆ ತುರುಕಿ ಬೀಗ ಹಾಕಿದರು. ತಾಂಕೊ ಬಂದು ನನ್ನನ್ನು ಎತ್ತಿಕೊಂಡ. ಆವತ್ತಿನಿಂದ ನಾನು ಭಾರವಾದೆ ಎಂದು ಕಥೆ ಕಟ್ಟುವುದಿಲ್ಲ, ಅಷ್ಟೇ ಇದ್ದೆ. ತನ್ನ ಸಾವಿನ ಕಾಗದವನ್ನು ಅವನು ಸಲೀಸಾಗಿ ತಲೆಯ ಮೇಲಿಟ್ಟುಕೊಂಡು ನಡೆದ.

ಬರ್ಮಾದ ಕೆಲಸ ಮುಗಿದ ಮೇಲೆ ಪಟ್ಟಾಳವನ್ನು ಮದ್ರಾಸಿನ ಕಡೆಯ ಒಂದು ಬಯಲಿನಲ್ಲಿ ಇಳಿಸಿದರು. ಅಲ್ಲಿಂದ ಕಾಗದ ಹೋಗುತ್ತಿತ್ತು. ತಾಂಕೊ ಸಾಹೇಬರ ಎದುರು ಕೂತು ಲಾದಿಗೆ ಬರೆಸಿದ. ನಿನಗೊಂದು ನೀಲಿ ಬಟ್ಟೆ ಕೊಂಡಿದ್ದೇನೆ, ಆಡಿನ ಮರಿ ಎಷ್ಟಾದವು, ಸೂರು ಸೋರುತ್ತಿದೆಯೇ. ಸಾಹೇಬರು ಮುದ್ದಾದ ಅಕ್ಷರದಲ್ಲಿ ಬರೆದರು, ಓದಿ ಹೇಳಿದರು, ಅವನು ಅತ್ತ ಹೋದ ಮೇಲೆ ಮಡಿಸಿ ನನ್ನೊಳಗಿಟ್ಟರು. ಹೀಗೆ ಮೂರು ಸಲ. ಅವರು ಕೆಟ್ಟವರಲ್ಲ. ಜ್ವರದಲ್ಲಿ ಬಿದ್ದ ಸಿಪಾಯಿಯನ್ನು ತಾವೇ ಬೆನ್ನ ಮೇಲೆ ಹೊತ್ತದ್ದನ್ನು ನೋಡಿದ್ದೇನೆ. ಆದರೆ ದಣಿದವನಿಗೆ ನಾಳೆ ಎಂಬುದು ಬಹಳ ದೊಡ್ಡ ಆಸರೆ. ಯುದ್ಧ ಮುಗಿಯಲಿ ಎಂದುಕೊಂಡರು, ಮುಗಿಯಿತು. ಹಡಗು ಬರಲಿ ಎಂದುಕೊಂಡರು, ಅದೂ ಬಂತು.

ಹೊರಡುವ ಹಿಂದಿನ ದಿನ ಸಾಹೇಬರು ತಾಂಕೊನನ್ನು ಬೇವಿನ ಮರದ ಕೆಳಗೆ ಕರೆದು, ಬೀಗ ತೆಗೆದು, ಕಾಗದಗಳನ್ನೆಲ್ಲ ಅವನ ಮುಂದಿಟ್ಟು, ತಮ್ಮ ಹರಕುಮುರುಕು ಹೌಸಾದಲ್ಲಿ ಒಂದೂ ಬಿಡದೆ ಹೇಳಿದರು. ತಾಂಕೊ ನಿಂತೇ ಕೇಳಿದ. ಆಮೇಲೆ ನೆಲದ ಮೇಲೆ ಕೂತ. ಜಿಲ್ಲಾಧಿಕಾರಿಗೆ ಇವತ್ತೇ ಬರೆಯುತ್ತೇನೆ, ಲಾದಿಯ ವಿಷಯ ಸರಿಪಡಿಸುತ್ತೇನೆ ಎಂದು ಸಾಹೇಬರು ಅವಸರ ಅವಸರವಾಗಿ ಹೇಳುತ್ತಲೇ ಇದ್ದರು.

"ಅವನ ತಾಯಿಗೆ ಯಾರು ಹೇಳಿದಾರೆ, ಸಾಹೇಬ್ರೆ?" ಎಂದ ತಾಂಕೊ.

ಯಾರೂ ಹೇಳಿರಲಿಲ್ಲ. ಲಾದಿಯ ಚಿಂತೆಯಲ್ಲಿ ನಿದ್ದೆಗೆಟ್ಟ ಮನುಷ್ಯ ಎರಡನೆಯ ತಾಂಕೊನ ಮುದುಕಿ ತಾಯಿಯನ್ನು ಒಂದು ದಿನವೂ ನೆನೆದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೆನೆದಿರಲಿಲ್ಲ.

"ಊರಲ್ಲಿ ಸತ್ತೋನು ನಾನು, ಬದುಕಿರೋನು ಅವನು," ಎಂದ ತಾಂಕೊ. "ಲಾದಿ ಅತ್ತಾಗ ಸಮಾಧಾನ ಹೇಳಿರೋಳು ಅವನ ತಾಯೇ ಇರ್ಬೇಕು. ನಾನು ಊರೊಳಗೆ ಕಾಲಿಟ್ಟ ಗಳಿಗೆಗೆ ಅವನು ಸಾಯ್ತಾನೆ."

ಆ ತಾಯಿಗೂ ತಾವೇ ಬರೆಯಲೇ ಎಂದು ಸಾಹೇಬರು ಕೇಳಿದರು. ಯಾರಿಗೂ ಬರೆಯುವುದು ಬೇಡವೆಂದು ಅವನು ತಲೆಯಾಡಿಸಿದ. ತನ್ನ ಮೂರು ಕಾಗದಗಳನ್ನು ಅಂಗಿಯೊಳಗಿಟ್ಟುಕೊಂಡು, ಸಾಹೇಬರಿಗೆ ಸೆಲ್ಯೂಟ್ ಹೊಡೆದು ಹೋದ. ಸಾಹೇಬರು ನನ್ನ ಪಕ್ಕದಲ್ಲಿ ಕೂತು ಮುಖ ಮುಚ್ಚಿಕೊಂಡರು.

ಆಮೇಲೆ ನನ್ನನ್ನು ಹರಾಜು ಹಾಕಿದರು. ಕೋಲಾರದ ಕಡೆಯ ಒಬ್ಬ ದರ್ಜಿಯ ಮನೆಯಲ್ಲಿ ಬಟ್ಟೆ ತುಂಡು ತುಂಬಿಸಿಕೊಂಡೆ. ಅವನ ಮಗಳ ಮನೆಯಲ್ಲಿ ರಾಗಿಹಿಟ್ಟು, ಮೊಮ್ಮಗನ ಸೈಕಲ್ ಅಂಗಡಿಯಲ್ಲಿ ನಟ್ಟು ಬೋಲ್ಟು. ಈಗ ತಳ ತುಕ್ಕು ಹಿಡಿದು ಗುಜರಿಯವನ ಹಿತ್ತಲಿನಲ್ಲಿ ಬಿದ್ದಿದ್ದೇನೆ. ಕರಗಿಸುತ್ತಾರಂತೆ. ಕರಗಿಸಲಿ, ಸಾಕಾಗಿದೆ.

ಯೆಲ್ವಾವನ್ನು ನಾನು ಕಂಡವನಲ್ಲ. ಆದರೂ ಆ ಊರಿನ ಹೊರಗೆ, ಅಂಗಿಯೊಳಗೆ ಮೂರು ಕಾಗದ ಇಟ್ಟುಕೊಂಡು ನಿಂತಿರುವ ತಾಂಕೊ ನನಗೆ ದಿನವೂ ಕಾಣುತ್ತಾನೆ. ಪಕ್ಕದ ಮನೆಯ ಮುದುಕಿ ಇನ್ನೂ ಅವನನ್ನು ನೋಡಿಲ್ಲ, ಅವಳ ಪಾಲಿಗೆ ಮಗ ಇನ್ನೂ ಬದುಕಿದ್ದಾನೆ. ಅವನು ಹೆಜ್ಜೆ ಮುಂದಿಡುತ್ತಿಲ್ಲ.