ಬಿಸ್ಕತ್ ಡಬ್ಬಿಯ ಚೀಟಿ

ಸುಕನ್ಯಾ ಮೂವತ್ತು ದಿನ ಒಬ್ಬ ಗುರುತಿಲ್ಲದ ಗಂಡಸಿಗಾಗಿ ಪ್ರಾರ್ಥನೆ ಮಾಡಿದಳು. ಕಾಟಾಚಾರಕ್ಕಲ್ಲ, ಮನಸ್ಸಿಟ್ಟೇ ಮಾಡಿದಳು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆಮನೆಯಲ್ಲಿ ಮೊಣಕಾಲೂರಿ, ಸೆರಗು ತಲೆಗೆ ಹಾಕಿಕೊಂಡು ಮಾಡಿದಳು. ಆ ಗಂಡಸು ತನ್ನ ಗಂಡನೇ ಎಂದು ಗೊತ್ತಿದ್ದರೆ ಮಾಡುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಗೊತ್ತಿರಲಿಲ್ಲ. ಮೊದಲು ಯಾರಿಗೆ ಗೊತ್ತಾಗಬೇಕಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಈ ಚೀಟಿಯ ಪದ್ಧತಿ ಮೂಡಿಗೆರೆಯ ಒಂದು ಸಣ್ಣ ಕ್ರೈಸ್ತ ಸಭೆಯ ಹೆಂಗಸರದ್ದು. ತಿಂಗಳ ಮೊದಲ ಬುಧವಾರ ಎಲ್ಲರೂ ಮರಿಯಮ್ಮನವರ ಮನೆಯಲ್ಲಿ ಸೇರುತ್ತಾರೆ. ಮರಿಯಮ್ಮನವರು ಟೀಚರಾಗಿ ರಿಟೈರ್ ಆದವರು, ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು. ಅವರ ಮಾತಿಗೆ ಪಾಸ್ಟರೂ ಎದುರಾಡುವುದಿಲ್ಲ. ಅವರ ಮೇಜಿನ ಮೇಲೆ ಬಣ್ಣ ಹೋದ ಒಂದು ಬಿಸ್ಕತ್ ಡಬ್ಬಿ ಇರುತ್ತದೆ. ಕಷ್ಟವಿದ್ದವರು ಹೆಸರು ಹಾಕದೆ ಒಂದು ಚೀಟಿ ಬರೆದು ಅದರೊಳಗೆ ಹಾಕಬೇಕು. ಆಮೇಲೆ ಡಬ್ಬಿ ಒಂದು ಸುತ್ತು ಬರುತ್ತದೆ, ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತುತ್ತಾರೆ. ಯಾರದ್ದೆಂದು ಕೇಳುವಂತಿಲ್ಲ, ಇನ್ನೊಬ್ಬರ ಹತ್ತಿರ ಬಾಯಿಬಿಡುವಂತಿಲ್ಲ. ತಿಂಗಳಿಡೀ ಆ ಚೀಟಿಗಾಗಿ ಪ್ರಾರ್ಥಿಸಬೇಕು, ಅಷ್ಟೆ.

ಡಿಸೆಂಬರಿನ ಬುಧವಾರ ಕೊಟ್ಟಿಗೆಹಾರದ ಬಸ್ಸು ಕೈಕೊಟ್ಟು ಸುಕನ್ಯಾ ತಡವಾಗಿ ಬಂದಳು. ಡಬ್ಬಿ ಆಗಲೇ ಸುತ್ತು ಮುಗಿಸಿತ್ತು. "ಬಾ ಮಾರಾಯ್ತಿ, ನಿಂಗೇ ಅಂತ ಒಂದು ಉಳಿದದೆ ನೋಡು," ಎಂದು ಮರಿಯಮ್ಮನವರು ಮಡಿಚಿದ ಚೀಟಿಯನ್ನು ತಾವೇ ಅವಳ ಅಂಗೈಗಿಟ್ಟು ಬೆರಳು ಮುಚ್ಚಿದರು. ಎಷ್ಟು ಪ್ರೀತಿ ಎಂದುಕೊಂಡಳು ಸುಕನ್ಯಾ. ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಬಿಡಿಸಿ ಓದಿದಳು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಒಬ್ಬ ಸಹೋದರನಿಗಾಗಿ. ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುವ ಚಟಕ್ಕೆ ಬಿದ್ದಿದ್ದಾನೆ. ಬಿಡಲು ಒದ್ದಾಡುತ್ತಿದ್ದಾನೆ. ಹೆಂಡತಿಗೆ ತಿಳಿದಿಲ್ಲ. ಅವನ ಮನಸ್ಸಿನ ಕಣ್ಣು ಹೊಸದಾಗಲಿ.'

"ಥೂ!" ಎಂದಳು ಸುಕನ್ಯಾ, ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ.

ಯಾರಿರಬಹುದು? ಪ್ರಾರ್ಥನೆಯ ಜೊತೆಗೆ ಈ ಲೆಕ್ಕಾಚಾರವೂ ನಡೆಯಿತು, ಸುಳ್ಳು ಯಾಕೆ ಹೇಳಬೇಕು. ಭಾನುವಾರ ಆರಾಧನೆಯಲ್ಲಿ ಗಂಡಸರ ಸಾಲಿನ ಮೇಲೆ ಕಣ್ಣಾಡಿಸಿದಳು. ಗಿಟಾರ್ ಬಾರಿಸುವ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ. ಹೊಸ ಫೋನು ಹಿಡಿದು ಮೆರೆಯುವ ಆ ಡ್ರೈವರ್? ಇದ್ದರೂ ಇರಬಹುದು. ತನ್ನ ಗಂಡ ಅಭಿಷೇಕನ ಮೇಲೆ ಬಂದ ಕಣ್ಣು ಅಲ್ಲಿ ನಿಲ್ಲದೆ ಮುಂದೆ ಹೋಯಿತು.

ನಿಲ್ಲುವುದಾದರೂ ಯಾಕೆ? ಮದುವೆಯಾದ ಏಳು ವರ್ಷದಲ್ಲಿ ಅಭಿಷೇಕ್ ಇಷ್ಟು ಹತ್ತಿರದವನಾಗಿ ಯಾವತ್ತೂ ಇರಲಿಲ್ಲ. ಕೊಟ್ಟಿಗೆಹಾರದ ಆಚೆ ಒಂದು ಕಾಫಿ ತೋಟದಲ್ಲಿ ಅವನು ರೈಟರ್, ಆಳುಗಳ ಹಾಜರಿ ಹಾಕುವವನು. ಮೊದಲೆಲ್ಲ ಮನೆಗೆ ಬಂದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆಗಸ್ಟ್‌ನಿಂದೀಚೆಗೆ ಏನಾಯಿತೋ, ದಿನಾ ಸಂಜೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು, ಆ ದಿನ ಕಂಡದ್ದು ಏನಾದರೂ ಒಂದನ್ನು ಅವಳಿಗೆ ಹೇಳತೊಡಗಿದ. ಒಂದೇ ಒಂದು. ಸಿಲ್ವರ್ ಮರದ ಪೊಟರೆಯಲ್ಲಿ ಮರಿ ಮಾಡಿದ ಕುಟ್ರು ಹಕ್ಕಿ ಒಂದು ದಿನ. ಮಳೆ ಬಿಟ್ಟಾಗ ಕಾಫಿ ಒಣಗಿಸುವ ಕಣದ ಮೇಲೆ ಎದ್ದ ಹಬೆ ಇನ್ನೊಂದು ದಿನ. ಒಂದು ಸಂಜೆ ಹೇಳಿದ್ದ, "ನಮ್ಮ ಸಿದ್ದಮ್ಮ ಅದಾಳಲ್ಲ, ಸೀರೆ ಮೇಲೆ ಗಂಡನ ಹಳೇ ಅಂಗಿ ಹಾಕ್ಕೊಂಡು ಹಣ್ಣು ಕೊಯ್ಯಕ್ಕೆ ಬರ್ತಾಳೆ. ಆ ಜೇಬಿಗೆ ಗುಂಡಿ ಹೊಲಿದು ಒಳಗೆ ಅವನ ಬೆಂಕಿಪೊಟ್ಟಣ ಇಟ್ಕೊಂಡಿದಾಳೆ. ಸತ್ತು ನಾಕು ವರ್ಷ ಆಯ್ತು, ಒಂದು ಕಡ್ಡಿನೂ ಗೀರಿಲ್ಲ." ಸುಕನ್ಯಾ ಅವತ್ತು ಅತ್ತುಬಿಟ್ಟಿದ್ದಳು. ಇಂಥ ಗಂಡನನ್ನು ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದ್ದಳು.

ಜನವರಿಯ ಮೊದಲ ಭಾನುವಾರ ಆರಾಧನೆ ಮುಗಿಸಿ ಬಂದು ಕಡುಬು, ಕೋಳಿಸಾರು ಮಾಡಿದಳು. ಬಡಿಸುತ್ತ ಬಡಿಸುತ್ತ ನಾಲಿಗೆ ತುರಿಸಿತು.

"ಹೇಳ್ಬಾರ್ದು, ಆದ್ರೂ ಹೇಳ್ತೀನಿ ಕೇಳಿ. ಈ ತಿಂಗಳು ನಂಗೆ ಎಂಥ ಚೀಟಿ ಬಂದಿತ್ತು ಗೊತ್ತಾ? ಯಾರೋ ಒಬ್ಬ ಮೊಬೈಲಲ್ಲಿ ಹೊಲಸು ನೋಡ್ತಾನಂತೆ. ಹೆಂಡ್ತಿಗೆ ಗೊತ್ತೇ ಇಲ್ವಂತೆ. ಆ ಹೆಣ್ಣಿನ ಗತಿ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ. ನಾನಾಗಿದ್ರೆ ಅಂಥವ್ನನ್ನ ಹೊಸ್ತಿಲು ದಾಟೋಕೆ ಬಿಡ್ತಿರ್ಲಿಲ್ಲ."

ಅಭಿಷೇಕನ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಿ, ಚೀಟಿ ತೋರ್ಸು."

ಸೆರಗಿನ ತುದಿಗೆ ಕೈ ಒರೆಸಿಕೊಂಡು ಪರ್ಸಿನಿಂದ ತೆಗೆದು ಕೊಟ್ಟಳು. ಅವನು ಓದಿದ. ಎರಡನೇ ಸಲ ಓದಿದ.

"ಇದು ಮರಿಯಮ್ಮನವ್ರ ಅಕ್ಷರ."

"ಇದ್ರೆ ಇರ್ಲಿ, ನಿಮಗೇನು?"

"ನಾನು ಅವ್ರೊಬ್ರಿಗೇ ಹೇಳಿದ್ದು, ಸುಕನ್ಯಾ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು."

"ಯಾರ ವಿಷ್ಯ ಹೇಳಿದ್ರಿ?"

ಅವನು ತಲೆ ಎತ್ತಲಿಲ್ಲ. "ನಂದೇ," ಎಂದ.

ಸಾರಿನ ಸೌಟು ಅವಳ ಕೈಯಲ್ಲೇ ಇತ್ತು. ನಗು ಬಂತು ಮೊದಲು, ಅದು ಹೇಗೆ ಬಂತೋ! ಆಮೇಲೆ ಸೌಟನ್ನು ಪಾತ್ರೆಗೆ ಹಾಕಿದಳು. ಅವನು ಹೇಳುತ್ತಾ ಹೋದ. ಮದುವೆಗೂ ಮುಂಚಿನಿಂದ ಇತ್ತು. ಮದುವೆಯಾದರೆ ಹೋಗುತ್ತದೆ ಎಂದುಕೊಂಡಿದ್ದ, ಹೋಗಲಿಲ್ಲ. ರಾತ್ರಿ ಕಣ ಕಾಯಲು ಹೋಗುತ್ತೇನೆ ಎಂದು ಹೋದದ್ದೆಲ್ಲ ಕಣ ಕಾಯಲು ಅಲ್ಲ. ಆಗಸ್ಟ್‌ನಲ್ಲಿ ತಡೆಯಲಾರದೆ ಮರಿಯಮ್ಮನವರ ಮುಂದೆ ಎಲ್ಲವನ್ನೂ ಹೇಳಿಕೊಂಡಿದ್ದ. ಈಗ ನಲವತ್ತೆರಡು ದಿನದಿಂದ ನೋಡಿಲ್ಲ.

"ಕಣ ಕಾಯೋಕೆ ಹೋಗೋವಾಗ ಫ್ಲಾಸ್ಕಲ್ಲಿ ಕಾಫಿ ಹಾಕಿ ಕೊಡ್ತಿದ್ದೆ ನಾನು," ಎಂದಳು ಸುಕನ್ಯಾ. "ಚಳಿ ಅಂತ ಶಾಲು ಹೊದಿಸಿ ಕಳಿಸ್ತಿದ್ದೆ!"

ಅವಳು ಅಟ್ಟದಿಂದ ಬ್ಯಾಗು ಇಳಿಸಿ ನಾಲ್ಕು ಸೀರೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ತವರು ಕಳಸದಲ್ಲಿ. ಬುಧವಾರ ಚೀಟಿ ವಾಪಸ್ಸು ಎಸೆದು ಅಲ್ಲಿಂದಲೇ ಕಳಸದ ಬಸ್ಸು ಹತ್ತುತ್ತೇನೆ, ಮತ್ತೆ ಈ ಮನೆಯ ಮುಖ ನೋಡುವುದಿಲ್ಲ ಎಂದಳು. ಅಷ್ಟು ದಿನ ತಡೆಯಲಾಗಲಿಲ್ಲ. ಮಾರನೇ ದಿನವೇ ಮೂಡಿಗೆರೆಗೆ ಹೊರಟಳು.

ಅವತ್ತಿನ ಬಸ್ಸು ಅವಳಿಗೆ ನರಕವಾಯಿತು. ಮುಂದಿನ ಸೀಟಿನಲ್ಲಿ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು ಕೂತಿದ್ದಳು. ಇಂಥವಳನ್ನು ನೋಡುತ್ತಿದ್ದನೇ? ಬಸ್‌ಸ್ಟ್ಯಾಂಡಿನ ಅಂಗಡಿಗೆ ಅಂಟಿಸಿದ ಶಾಂಪೂ ಜಾಹೀರಾತಿನ ಹೆಂಗಸು ಹಲ್ಲು ಬಿಡುತ್ತಿದ್ದಳು. ಇಂಥವಳನ್ನೇ? ಅಂಗಡಿಯ ಗಾಜಿನಲ್ಲಿ ತನ್ನದೇ ಮುಖ, ದಪ್ಪಗಾದ ಸೊಂಟ ಕಂಡಿತು. ಅಲ್ಲಿಂದ ಕಣ್ಣು ಕಿತ್ತುಕೊಂಡಳು. ಜನ್ಮದಲ್ಲಿ ಅಂಥ ಒಂದು ಚಿತ್ರ ನೋಡದ ಹೆಂಗಸು, ಕಣ್ಣು ಮುಚ್ಚಿದರೆ ಸಾಕು, ಎಲ್ಲವೂ ಕಾಣಿಸುತ್ತಿತ್ತು. ಅವನು ನೋಡಿದ್ದನ್ನು ಈಗ ಇವಳು ನೋಡಬೇಕು. ಇದ್ಯಾವ ನ್ಯಾಯ ಸ್ವಾಮಿ?

ಮರಿಯಮ್ಮನವರು ಅವಳ ಮುಖ ಕಂಡೊಡನೆ ಕನ್ನಡಕ ತೆಗೆದಿಟ್ಟರು. "ಕೂತ್ಕೋ ಮಗಾ."

"ಕೂರೋಕೆ ಬಂದಿಲ್ಲ. ಬೇಕಂತಲೇ ನನ್ನ ಕೈಗಿಟ್ರಲ್ಲ?"

"ಹೌದು," ಎಂದರು ಅವರು. ಸುಳ್ಳು ಹೇಳುವ ಜಾತಿಯಲ್ಲ ಅವರದು. "ಆ ಚೀಟಿ ಡಬ್ಬಿಗೆ ಹಾಕಿರ್ಲೇ ಇಲ್ಲ. ನವೆಂಬರಲ್ಲಿ ಮತ್ತೆ ಎಡವಿದ ಅಂತ ಬಂದು ಅಳ್ತಿದ್ದ. ನನ್ನೊಬ್ಬಳ ಪ್ರಾರ್ಥನೆ ಸಾಲಲ್ಲ ಅನ್ನಿಸ್ತು. ಹೆಂಡ್ತಿ ಕೇಳ್ಕೊಂಡ್ರೆ ದೇವ್ರು ಬೇಗ ಕಿವಿ ಕೊಡ್ತಾನೆ ಅಂದ್ಕೊಂಡೆ. ಗೊತ್ತಾಗಿ ಕೇಳ್ಕೊಳ್ಳೋಕೆ ನಿನ್ನ ಕೈಲಿ ಆಗ್ತಿರ್ಲಿಲ್ಲ. ಅದ್ಕೇ ಗೊತ್ತಿಲ್ದೇನೇ ಕೇಳ್ಕೊಳ್ಲಿ ಅಂತ."

"ಅಂದ್ರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣ ತಿರುಗಿಸಿದ್ರಿ! ದಿನಾ ಬೆಳಿಗ್ಗೆ ಎದ್ದು ಆ ಪಾಪದ ಹೆಂಡ್ತಿಗೆ ಸಮಾಧಾನ ಕೊಡಪ್ಪ ಅಂತ ಬೇಡ್ಕೊಂಡೆನಲ್ಲ ಅಮ್ಮಾ, ಆ ಪಾಪದೋಳು ನಾನೇ ಆಗಿದ್ನಲ್ಲ! ಅವ್ರು ಮೋಸ ಮಾಡಿದ್ರು, ಗಂಡಸು, ಹಾಳಾಗಿ ಹೋಗ್ಲಿ. ನೀವು?"

ಮರಿಯಮ್ಮನವರು ಎದ್ದು ನಿಂತರು. "ತಪ್ಪಾಯ್ತು ಕಣೇ. ಆದ್ರೆ ಅವನು ಬದಲಾಗ್ತಾ ಅದಾನೆ, ಅದು ಸುಳ್ಳಲ್ಲ. ಬರೀ ಫೋನು ಮುಚ್ಚಿಟ್ರೆ ಆಗಲ್ಲ, ತಲೆ ಒಳಗೆ ತುಂಬಿರೋ ಚಿತ್ರ ಎಲ್ಲಿಗೆ ಹೋಗ್ತದೆ ಅಂದೆ. ಅಲ್ಲಿಗೆ ಬೇರೆ ತುಂಬ್ಬೇಕು. ದಿನಕ್ಕೊಂದಾದ್ರೂ ದೇವ್ರು ಮಾಡಿದ್ದನ್ನ ಸರಿಯಾಗಿ ನೋಡು, ಮನುಷ್ಯರನ್ನ ಮನುಷ್ಯರ ಥರ ನೋಡು, ಸಂಜೆ ಮನೆಗೆ ಹೋಗಿ ನಿನ್ನ ಹೆಂಡ್ತಿಗೆ ಹೇಳು ಅಂದೆ. ಹೇಳ್ತಿದಾನಲ್ಲ?"

ಇದು ಎಲ್ಲಕ್ಕಿಂತ ಆಳಕ್ಕೆ ಇಳಿಯಿತು. ಆ ಕುಟ್ರು ಹಕ್ಕಿ, ಆ ಹಬೆ, ಆ ಸಿದ್ದಮ್ಮ. ಜಗಲಿಯ ಮೇಲಿನ ಒಂದೊಂದು ಸಂಜೆಯನ್ನೂ ಅವಳು ಗಂಡನ ಪ್ರೀತಿ ಎಂದು ಎದೆಯಲ್ಲಿಟ್ಟುಕೊಂಡಿದ್ದಳು. ಈಗ ನೋಡಿದರೆ ಅದು ಮರಿಯಮ್ಮನವರು ಬರೆದುಕೊಟ್ಟ ಔಷಧ! ಇಷ್ಟು ದಿನ ಅವಳು ಹೆಂಡತಿಯಾಗಿ ಕೂತಿರಲಿಲ್ಲ, ಮಾತ್ರೆ ನುಂಗಲು ಕೊಟ್ಟ ನೀರಾಗಿ ಕೂತಿದ್ದಳು. ಹೊಸ್ತಿಲು ದಾಟಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಮಂಗಳವಾರ ಬೆಳಿಗ್ಗೆ ಅವಳಿಗೆ ಒಂದು ಯೋಚನೆ ಹೊಳೆಯಿತು. ಅವನು ಹೇಳಿದ್ದೆಲ್ಲ ನಿಜವೇ ಇತ್ತೆಂದು ಯಾರು ಕಂಡರು? ಹೋಮ್‌ವರ್ಕ್ ಮಾಡದ ಹುಡುಗನಂತೆ ಬಾಯಿಗೆ ಬಂದದ್ದು ಕಟ್ಟಿ ಹೇಳಿದ್ದರೆ? ಹಾಗಿದ್ದರೆ ಒಳ್ಳೆಯದೇ ಆಯಿತು, ಬ್ಯಾಗು ಎತ್ತಿ ಹೊರಟುಬಿಡಬಹುದು. ಆಳುಗಳು ಊಟಕ್ಕೆ ಬಿಡುವ ಹೊತ್ತಿಗೆ ತೋಟಕ್ಕೆ ಹೋದಳು. ಅಭಿಷೇಕ್ ಆಚೆ ಗುಡ್ಡದ ಮೇಲಿದ್ದ.

ಸಿದ್ದಮ್ಮ ಒಂದು ಕಲ್ಲಿನ ಮೇಲೆ ಕೂತು ರೊಟ್ಟಿಯ ಡಬ್ಬಿ ಬಿಚ್ಚುತ್ತಿದ್ದಳು. ಸೀರೆಯ ಮೇಲೆ ನೀಲಿ ಗೆರೆಯ ಗಂಡಸಿನ ಅಂಗಿ ಇತ್ತು. ಜೇಬಿಗೆ ಬೇರೆ ಬಣ್ಣದ ಗುಂಡಿ ಇತ್ತು.

"ಸಿದ್ದಮ್ಮಾ, ಆ ಜೇಬಲ್ಲಿ ಎಂತ ಅದೆ?"

ಸಿದ್ದಮ್ಮ ಅವಳ ಮುಖವನ್ನೇ ನೋಡಿದಳು. ಗುಂಡಿ ಬಿಚ್ಚಿ, ಮೂಲೆ ಸವೆದ ಬೆಂಕಿಪೊಟ್ಟಣ ತೆಗೆದು ಅಂಗೈ ಮೇಲಿಟ್ಟಳು. "ನಮ್ಮನೆಯೋರ್ದು. ರೈಟ್ರು ಹೇಳಿದ್ರಾ ಅಮ್ಮಾ? ಈ ತೋಟದಲ್ಲಿ ಇದೆಂತದು ಅಂತ ಕೇಳಿದೋರು ಅವ್ರೊಬ್ರೇ ನೋಡಿ. ಒಂಬತ್ತು ವರ್ಷ ಹಾಜರಿ ಹಾಕಿದಾರೆ, ಒಂದಿನ ಮುಖ ಎತ್ತಿ ನೋಡ್ತಿರ್ಲಿಲ್ಲ. ಹೆಂಗಸ್ರು ಅಂದ್ರೆ ನಾಚ್ಕೆ ಅಂದ್ಕಂಡಿದ್ವಿ ನಾವು. ಈ ಸಲ ಮಳೆಗಾಲದಿಂದೀಚೆಗೆ ಏನಾಯ್ತೋ, ರೊಟ್ಟಿ ತಿಂದ್ಯಾ, ಮಂಡಿನೋವು ಹೆಂಗದೆ ಅಂತೆಲ್ಲ ಕೇಳ್ತಾರೆ."

ನಾಚಿಕೆಯಂತೆ! ಆ ನಾಚಿಕೆ ಎಂಥದ್ದೆಂದು ಸುಕನ್ಯಾಗೆ ಈಗ ಗೊತ್ತು. ಸಿದ್ದಮ್ಮನ ಎದುರೇ ಅವಳ ಕಣ್ಣಿಂದ ನೀರು ದಳದಳ ಇಳಿಯಿತು. ಪಾಪ, ಸಿದ್ದಮ್ಮ ಅದು ತನ್ನ ಗಂಡ ಸತ್ತಿದ್ದಕ್ಕೆ ಎಂದುಕೊಂಡು, "ಅಳ್ಬೇಡಿ ಅಮ್ಮಾ, ನಾಕು ವರ್ಷ ಆಗೋಯ್ತು," ಎಂದು ಸಮಾಧಾನ ಹೇಳಿ ಅರ್ಧ ರೊಟ್ಟಿ ಮುರಿದು ಕೊಟ್ಟಳು.

ಅದನ್ನು ತಿನ್ನುತ್ತಾ ಮನೆಗೆ ನಡೆದಳು. ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು! ಅವನು ಔಷಧಕ್ಕೆಂದೇ ನೋಡಿದ್ದು. ಆದರೆ ನೋಡಿದ್ದು ನಿಜ. ಮೋಸವೂ ನಿಜ. ಒಂದು ಇನ್ನೊಂದನ್ನು ಅಳಿಸುತ್ತಿರಲಿಲ್ಲ, ಅವಳ ಸಂಕಟ ಅದೇ. ಅವನ ಕಣ್ಣಿಗಾದರೂ ಐದು ತಿಂಗಳಿಂದ ಔಷಧ ಸಿಕ್ಕಿದೆ. ಅವಳ ಕಣ್ಣಿಗೆ? ಶಾಂಪೂ ಹೆಂಗಸನ್ನು ಅವಳ ತಲೆಯಿಂದ ಇಳಿಸುವವರು ಯಾರು?

ಬುಧವಾರ ಬೆಳಿಗ್ಗೆ ಅಭಿಷೇಕ್ ಬಾಗಿಲ ಹತ್ತಿರದ ಬ್ಯಾಗನ್ನು ನೋಡುತ್ತಾ ನಿಂತಿದ್ದ. ಬಸ್ಸಿಗೆ ಬಿಟ್ಟು ಬರಲೇ ಎಂದು ಕೇಳುವ ಧೈರ್ಯವೂ ಅವನಿಗಿರಲಿಲ್ಲ. ಸುಕನ್ಯಾ ಅಡುಗೆಮನೆಯಿಂದ ಕರೆದಳು. ಒಲೆ ಇನ್ನೂ ಹಚ್ಚಿರಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು ಬರೆದ ಒಂದು ಚೀಟಿಯನ್ನು ಅವನ ಕೈಗೆ ಕೊಟ್ಟಳು.

"ಓದಿ. ಜೋರಾಗಿ."

ಅವನು ಓದಿದ. "ಒಬ್ಬ ಹೆಂಡತಿಗಾಗಿ. ಹೆಸರು ಸುಕನ್ಯಾ. ಅವಳು ಏನನ್ನೂ ನೋಡಿಲ್ಲ, ಆದರೂ ಎಲ್ಲ ಕಾಣಿಸುತ್ತದೆ. ಗಂಡನ ಮುಖ ನೋಡಲು ಆಗುತ್ತಿಲ್ಲ. ಅವಳ..." ಅವನು ಚೀಟಿ ಕೆಳಗಿಳಿಸಿದ.

"ಮುಂದೆ."

"ಅವಳ ಮನಸ್ಸಿನ ಕಣ್ಣೂ ಹೊಸದಾಗಲಿ."

"ಇದನ್ನ ಡಬ್ಬಿಗೆ ಹಾಕಲ್ಲ ನಾನು," ಎಂದಳು ಸುಕನ್ಯಾ. "ಹೆಸ್ರು ಮುಚ್ಚೂ ಇಲ್ಲ. ನೀವು ಮಾಡಿ, ನನ್ನೆದುರಿಗೆ, ಬಾಯಿಬಿಟ್ಟು. ನಾನು ಮಾಡಿದಷ್ಟೇ ದಿನ."

"ಆಮೇಲೆ?"

"ಆಮೇಲಿಂದು ಆಮೇಲೆ. ಬ್ಯಾಗು ಅಲ್ಲೇ ಇರ್ತದೆ."

ಅಭಿಷೇಕ್ ಅವಳು ದಿನಾ ಮೊಣಕಾಲೂರುತ್ತಿದ್ದ ಜಾಗದಲ್ಲೇ ಮೊಣಕಾಲೂರಿದ. ಮಾತು ಕೂಡಿಬರಲಿಲ್ಲ. ಸುಕನ್ಯಾ ಎಂದ, ನಿಲ್ಲಿಸಿದ, ಮತ್ತೆ ಸುಕನ್ಯಾ ಎಂದ. ಫ್ಲಾಸ್ಕು ಎಂದ, ಶಾಲು ಎಂದ. ತಾನು ಹೇಳಿದ ಒಂದೊಂದು ಸುಳ್ಳನ್ನೂ ಹೆಸರು ಹಿಡಿದು ಹೇಳಿದ. ಕೊನೆಗೆ ಆಮೆನ್ ಎಂದು, ಅವಳೂ ಹೇಳಲೆಂದು ಕಾದ.

ಗುರುತಿಲ್ಲದ ಗಂಡಸಿಗಾಗಿ ಮೂವತ್ತು ಸಲ ಸಲೀಸಾಗಿ ಬಂದಿದ್ದ ಆ ಮಾತು ಸುಕನ್ಯಾಳ ಬಾಯಿಂದ ಬರಲಿಲ್ಲ. ಅವಳು ಎದ್ದು ಒಲೆ ಹಚ್ಚಿ, ಕಾಫಿಗೆ ನೀರಿಟ್ಟಳು.

"ನಾಳೆನೂ ಇಷ್ಟೊತ್ತಿಗೇ ಬನ್ನಿ," ಎಂದಳು, ಅವನತ್ತ ತಿರುಗದೆ.