ದುಡ್ಡು ಯಾರ ಹೆಸರಿಗೆ ಹೊಂಟೈತಿ?

ಈಗ ಯಾವ ಊರಿನ ಕಟ್ಟೆಗೆ ಹೋದರೂ ಮ್ಯಾಚು ನೋಡುವವರಿಗಿಂತ ಮ್ಯಾಚಿನ ಮೇಲೆ ದುಡ್ಡು ಕಟ್ಟುವವರೇ ಹೆಚ್ಚು. ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಮಷೀನು ನಡೆಸುವ ಕೊಟ್ರೇಶನೂ ಅಂಥವರಲ್ಲೊಬ್ಬ. ಕೆಲಸದಲ್ಲಿ ಚುರುಕು, ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಆರು ತಿಂಗಳ ಹಿಂದೆ ಫೋನಿಗೆ ಬೆಟ್ಟಿಂಗ್ ಆಪ್ ಹಾಕಿಕೊಂಡ. ಮೊದಲು ಮುನ್ನೂರು ಗೆದ್ದ. ಆ ಸುದ್ದಿಯನ್ನು ಹೆಂಡತಿ ಜಯಶ್ರೀಗೆ ಹೇಳಿ ನಕ್ಕ. ಆಮೇಲೆ ಸೋತದ್ದನ್ನು ಮಾತ್ರ ಹೇಳಲಿಲ್ಲ.

ಅವತ್ತು ಸಂಜೆ ದೊಡ್ಡ ಮ್ಯಾಚು. ಆಪಿಗೆ ಎರಡು ಸಾವಿರ ಹಾಕಲು ನೋಡಿದರೆ ಮೂರು ಸಲವೂ ‘ಹಣ ಹೋಗಲಿಲ್ಲ’ ಎಂದು ಬಂತು. ಆಪಿನ ಏಜೆಂಟನಿಗೆ ಮೆಸೇಜು ಹಾಕಿದ. ಆ ಏಜೆಂಟನ ಮುಖವನ್ನು ಕೊಟ್ರೇಶ ಒಮ್ಮೆಯೂ ಕಂಡಿಲ್ಲ. ಅವನು ನಾಲ್ಕು ದಾರಿ ಕಳಿಸಿದ: ಒಂದು ಸ್ಕ್ಯಾನರ್, ಒಂದು ವಾಲೆಟ್, ಒಂದು ಕಾರ್ಡು, ಇನ್ನೊಂದು ಹೆಸರೇ ಕೇಳದ ಯಾವುದೋ ಕ್ರಿಪ್ಟೊ ಕಾಯಿನ್ನು. ಬೇಕಾದ್ದು ಆರಿಸಿಕೋ ಅಂದ.

ಮಧ್ಯಾಹ್ನದ ಊಟ ಮುಗಿಸಿ ಕೊಟ್ರೇಶ ಬಸ್ ಸ್ಟ್ಯಾಂಡ್ ಹತ್ತಿರದ ತಸ್ಲೀಮಾಳ ಅಂಗಡಿಗೆ ಬಂದ. ತಸ್ಲೀಮಾ ಬ್ಯಾಂಕ್ ಮಿತ್ರ. ಊರ ಮಂದಿಗೆ ಖಾತೆ ತೆರೆಸುವುದು, ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವುದು ಅವಳ ಕೆಲಸ.

“ತಸ್ಲೀಮಕ್ಕ, ಈ ನಾಕರಾಗ ಯಾವ್ದು ಚಲೋ? ಕಮಿಷನ್ ಕಮ್ಮಿ ಇರ್ಬೇಕು, ಲಗೂನ ಹೋಗ್ಬೇಕು, ದುಡ್ಡಿಗೆ ಧೋಕಾ ಇರಬಾರ್ದು.”

ತಸ್ಲೀಮಾ ಫೋನು ನೋಡಿದಳು. “ಬೆಟ್ಟಿಂಗಿಗೇನು?”

“ಹ್ಞೂಂ. ಬೈಬ್ಯಾಡ.”

“ಬೈಯಂಗಿಲ್ಲ. ಆದ್ರ ನೀ ಹೆಂಗ ಕೇಳಾಕತ್ತಿ ಗೊತ್ತೇನು? ತಳಾ ಹರಿದ ಚೀಲದ ಬಾಯಿ ಯಾವ ದಾರದಿಂದ ಕಟ್ಲಿ ಅಂದಂಗ. ದಾರ ಯಾವ್ದಾದ್ರೇನು, ಅಕ್ಕಿ ಉಳೀತದೇನು?”

“ಹಂಗಂದ್ರ?”

“ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಾನ ಸರಕಾರ ಬಂದ್ ಮಾಡೈತಿ. ಬ್ಯಾಂಕಿನವ್ರು, ಪೇಮೆಂಟ್ ಆಪಿನವ್ರು ಯಾರೂ ಅದಕ್ಕ ದುಡ್ಡು ದಾಟಿಸೂ ಹಂಗಿಲ್ಲ. ಅದಕ್ಕ ನಿಂದು ಹೋಗವಲ್ದು. ಈಗ ಉಳದಿದ್ದು ಕಳ್ಳದಾರಿ ಅಷ್ಟ.”

“ಫಾರಿನ್ ಲೈಸೆನ್ಸ್ ಐತಿ ಅಂತಾನ ಏಜೆಂಟ. ಮಂದಿ ಎಲ್ಲಾರೂ ಆಡಾಕತ್ತಾರ.”

“ಆತು. ನಿನ್ನ ಆಪಿನ್ಯಾಗ ಈಗ ಎಷ್ಟೈತಿ?”

“ಆರ್‌ನೂರು.”

“ತೆಗಿ, ನೋಡೂಣು.”

ಕೊಟ್ರೇಶ ಒತ್ತಿದ. ಹಣ ಪಡೆಯಲು ಮೊದಲು ಸಾವಿರದ ಇನ್ನೂರು ಟ್ಯಾಕ್ಸ್ ಕಟ್ಟಬೇಕು ಎಂದು ಉತ್ತರ ಬಂತು. ಆದರೂ ಅವನು ಸೋಲೊಪ್ಪಲಿಲ್ಲ. “ಹೋದ ವಾರ ಏಜೆಂಟ ಕೊಟ್ಟ ಸ್ಕ್ಯಾನರಿಗೆ ಹಾಕಿದ್ದೆ. ಸೀದಾ ಹೋಗಿತ್ತು.”

“ಯಾರ ಹೆಸರಿಗೆ ಹೋತು?”

“ಹೆಸರು ಯಾರು ಓದ್ತಾರಕ್ಕ?”

“ಈಗ ಓದು. ಇವತ್ತ ಕಳಿಸ್ಯಾನಲ್ಲ, ಅದನ್ನ ಸ್ಕ್ಯಾನ್ ಮಾಡು. ಪಿನ್ ಮಾತ್ರ ಒತ್ತಬ್ಯಾಡ.”

ಪರದೆಯ ಮೇಲೆ ಮೂಡಿದ ಹೆಸರನ್ನು ಕೊಟ್ರೇಶ ಎರಡು ಸಲ ಓದಿದ. ಅನ್ನವ್ವ ಫಕ್ಕೀರಪ್ಪ ಆಡೂರ.

ಅನ್ನವ್ವ ಅವರ ಮಿಲ್ಲಿಗೆ ದಿನಾಲು ರೊಟ್ಟಿ ಬಡಿದು ತರುವ ಹೆಂಗಸು. ಈಗಷ್ಟೇ ಅವನು ಉಂಡು ಬಂದದ್ದು ಅವಳ ಕೈಯ ರೊಟ್ಟಿ. ಅವಳ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಬಂದ ಕರೆ ಎತ್ತುವುದಷ್ಟೇ ಅವಳಿಗೆ ಗೊತ್ತು.

“ಈ ಖಾತೆ ನಾನ ತೆರ್ಸಿದ್ದು,” ಎಂದವಳೇ ತಸ್ಲೀಮಾ ಅಂಗಡಿಯ ಶಟರ್ ಎಳೆದಳು. “ನಡಿ.”

ಅನ್ನವ್ವ ಮಿಲ್ಲಿನ ಹಿಂದೆ ಡಬ್ಬಿ ತೊಳೆಯುತ್ತಿದ್ದಳು. ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

“ಮೂರು ತಿಂಗಳಾತು, ಒಬ್ಬಾಂವ ಬೈಕಿನ ಮ್ಯಾಲ ಬಂದಿದ್ದ. ರೊಟ್ಟಿ ಧಂದೆಕ್ಕ ಸಾಲ ಮಂಜೂರ ಮಾಡಿಸ್ತೇನಿ ಅಂದ. ನನ್ನ ಹೆಸರಿಲೆ ಹೊಸಾ ಸಿಮ್ ತಗಸಿ ತಾನ ಇಟ್ಕೊಂಡ. ಎಟಿಎಂ ಕಾರ್ಡೂ ಒಯ್ದ. ತಿಂಗಳಿಗೆ ಸಾವಿರ ಕೊಡ್ತಾನ. ಸರಕಾರದಾಂವ ಅಂತ ತಿಳಕೊಂಡಿದ್ದೆನವ್ವ.”

“ಹೋದ ವಾರ ನನ್ನ ಅಂಗಡಿಗೆ ಬಂದಾಗ ಯಾಕ ಹೇಳ್ಲಿಲ್ಲ?”

“ಖಾತೆ ಖಾಲಿ ಐತಿ, ಸರಕಾರದ ತಿಂಗಳ ದುಡ್ಡು ಇನ್ನೂ ಬಂದಿಲ್ಲ ಅಂತ ನೀನ ಅಂದೆಲ್ಲ!”

ತಸ್ಲೀಮಾ ಅವಳ ಪಕ್ಕದಲ್ಲೇ ಕುಳಿತಳು. “ಅವತ್ತ ಅಂಗಡ್ಯಾಗ ಗದ್ಲ ಇತ್ತು. ಎಷ್ಟು ಉಳದೈತಿ ಅಂತಷ್ಟ ನೋಡಿದೆ. ಬಂದದ್ದೆಷ್ಟು, ಹೋದದ್ದೆಷ್ಟು ಅಂತ ನೋಡ್ಲಿಲ್ಲ. ನನ್ನ ತಪ್ಪು, ಯವ್ವಾ.”

ಮೂವರೂ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಅಚ್ಚು ಹಾಕಿಸಿದರು. ಹಾಳೆಗಳು ತುಂಬಿಹೋದವು. ಎಲ್ಲೆಲ್ಲಿಯದೋ ಮಂದಿಯ ದುಡ್ಡು ಬಂದಿತ್ತು, ಬಂದಷ್ಟೇ ಬೇಗ ಹೋಗಿತ್ತು. ಅನ್ನವ್ವನಿಗೆ ಓದು ಬಾರದು. “ಏನು ಬರದೈತಿ, ಓದಪಾ ಕೊಟ್ರೇಶಿ,” ಅಂದಳು.

ಕೊಟ್ರೇಶ ಒಂದೊಂದೇ ಹೆಸರು ಓದುತ್ತ ಬಂದ. ಒಂದು ಕಡೆ ಅವನ ಬೆರಳು ನಿಂತಿತು. ಅಲ್ಲಿದ್ದದ್ದು ಅವನದೇ ಹೆಸರು. ಹೋದ ವಾರದ್ದು, ಸಾವಿರದ ಐನೂರು. ಅದರ ಕೆಳಗಿನ ಸಾಲಿನಲ್ಲೇ ಅನ್ನವ್ವನಿಗೆ ಸರಕಾರದಿಂದ ಬಂದ ತಿಂಗಳ ಹಣ. ಎರಡೂ ಒಂದೇ ದಿನ ಒಟ್ಟಿಗೆ ಮಾಯವಾಗಿದ್ದವು. ದಾಟಿ ಮುಂದಿನ ಹೆಸರು ಓದಿದ್ದರೆ ಅನ್ನವ್ವನಿಗೆ ತಿಳಿಯುತ್ತಿರಲಿಲ್ಲ.

ಅವನು ದಾಟಲಿಲ್ಲ. “ಇದು ನಾನ, ಅನ್ನಕ್ಕ. ಬೆಟ್ಟಿಂಗಿಗೆ ಹಾಕಿದ್ದು.”

“ನೀನೂ ಏನು? ನನ್ನ ಹೆಸರಿಲೆ ಜೂಜಾಡಿದ್ಯಾ?” ಅನ್ನವ್ವ ಪಾಸ್‌ಬುಕ್ ಅವನ ಕೈಯಿಂದ ಕಸಿದುಕೊಂಡಳು.

ಮ್ಯಾನೇಜರ್ ಖಾತೆಯನ್ನು ಅಲ್ಲೇ ತಡೆಹಿಡಿದರು. “ಖಾತೆ ಬ್ಯಾರೆಯವ್ರ ಕೈಗೆ ಕೊಟ್ರ ಪೊಲೀಸ್ರು ಮೊದಲ ಕೇಳೂದು ಖಾತೆದಾರರನ್ನ. ಈ ಅಮ್ಮಾರು ಗೊತ್ತಿಲ್ದ ಕೊಟ್ಟಾರ ಅನ್ನಾಕ ಏನರ ಸಾಕ್ಷಿ ಐತೇನ್ರಿ?”

ಸಾಕ್ಷಿ ಕೊಟ್ರೇಶನ ಜೇಬಿನಲ್ಲಿತ್ತು. ಏಜೆಂಟನ ನಂಬರು, ಆರು ತಿಂಗಳ ಮೆಸೇಜು, ಕಳಿಸಿದ ಸ್ಕ್ಯಾನರುಗಳು. ಅದನ್ನು ಕೊಟ್ಟರೆ ಮಿಲ್ಲಿನವರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೂ ಮೊದಲು ಜಯಶ್ರೀಗೆ ಗೊತ್ತಾಗುತ್ತದೆ. ಅವನು ಅಲ್ಲಿಂದಲೇ ಅವಳಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದ, ಸೋತ ದುಡ್ಡಿನ ಲೆಕ್ಕ ಸಮೇತ.

“ನಿಂದೂ ನಂದೂ ಜಗಳ ಆಮ್ಯಾಲಿರ್ಲಿ,” ಅಂದಳು ಜಯಶ್ರೀ. “ಅನ್ನಕ್ಕನ್ನ ನಡುನೀರಾಗ ಬಿಟ್ಟು ಮನೀಗೆ ಬರಬ್ಯಾಡ. ಫೋನು ಪೊಲೀಸ್ರಿಗೆ ಕೊಟ್ಟು ಬಾ.”

ಕೊಟ್ರೇಶ 1930ಕ್ಕೆ ಕರೆ ಮಾಡಿ ದೂರು ಬರೆಸಿದ. ಸೈಬರ್ ಮೋಸದ ದೂರಿಗೆಂದೇ ಇರುವ ನಂಬರು ಅದು. ಅಲ್ಲಿಂದ ಹಾನಗಲ್ಲಿನ ಠಾಣೆಗೆ ಹೋಗಿ ತಾನು ಆಡಿದ್ದನ್ನೂ ಬರೆದು ಸಹಿ ಹಾಕಿ ಫೋನು ಒಪ್ಪಿಸಿದ. ಬೈಕಿನವನು ಅನ್ನವ್ವನಿಗೆ ಚೀಟಿಯಲ್ಲಿ ಬರೆದುಕೊಟ್ಟ ನಂಬರೂ ಏಜೆಂಟನ ನಂಬರೂ ಒಂದೇ ಆಗಿತ್ತು. ಹನ್ನೆರಡು ದಿನದ ಮೇಲೆ ಆ ಮನುಷ್ಯ ಶಿಗ್ಗಾವಿಯಲ್ಲಿ ಸಿಕ್ಕಿಬಿದ್ದ.

ಅನ್ನವ್ವನ ಖಾತೆ ಬಿಡುಗಡೆಯಾಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವಳ ಜೊತೆ ಠಾಣೆಗೂ ಬ್ಯಾಂಕಿಗೂ ಕೊಟ್ರೇಶ ಅಲೆದ. ಅವಳ ಹಣದಲ್ಲಿ ಒಂದು ಪಾಲು ಮರಳಿತು. ಅವನದು ಒಂದು ರೂಪಾಯಿಯೂ ಬರಲಿಲ್ಲ. ಠಾಣೆಯಿಂದ ಫೋನು ಮರಳಿ ಬಂದ ಮೇಲೆ ಆಪನ್ನು ಅವನು ಜಯಶ್ರೀಯ ಎದುರಿಗೇ ತೆಗೆದುಹಾಕಿದ.

ಜಯಶ್ರೀಯ ತವರು ಹತ್ತಿಮತ್ತೂರು. ಬೈಕಿನವನು ಅಲ್ಲಿಗೂ ಹೋಗಿದ್ದನೆಂದು ಕೇಳಿ ಅವಳೇ ಅಲ್ಲಿನ ಸ್ವಸಹಾಯ ಸಂಘದ ಸಭೆ ಕೂಡಿಸಿದಳು. ಅನ್ನವ್ವ ಎದ್ದುನಿಂತು ತನಗಾದದ್ದನ್ನು ಹೇಳಿದಳು. ಕೊಟ್ರೇಶನೂ ಹೇಳಿದ. ಸಭೆ ಮುಗಿದು ಎಲ್ಲರೂ ಏಳುವಾಗ, ಅಷ್ಟು ಹೊತ್ತು ತುಟಿ ಬಿಚ್ಚದೆ ಕುಳಿತಿದ್ದ ಸಂಘದ ಮಹಾದೇವಕ್ಕ ಹತ್ತಿರ ಬಂದಳು.

“ನನ್ನ ಕಾರ್ಡೂ ಒಯ್ದಾನ್ರಿ. ತಿಂಗಳಿಗೆ ಸಾವಿರ ಬರ್ತಿತ್ತು, ಸುಮ್ಮಿದ್ದೆ. ನಾಳಿಗೆ ನನ್ನ ಜೋಡಿ ಬ್ಯಾಂಕಿಗೆ ಬರ್ತೀರೇನು?”

“ನಾಳಿಗೆ ಯಾಕ?” ಅನ್ನವ್ವ ಸೆರಗು ಬಿಗಿದುಕೊಂಡಳು. “ಬ್ಯಾಂಕು ಮುಚ್ಚೂದ್ರಾಗ ಮುಟ್ಟಾಕ ಸವಣೂರ ಬಸ್ಸು ಇನ್ನೂ ಐತಿ. ಪಾಸ್‌ಬುಕ್ ತಗೊಂಡು ಬಾ.”

ಅಣ್ಣಂದಿರೇ, ಅಕ್ಕಂದಿರೇ, ಬೆಟ್ಟಿಂಗಿಗೆ ದುಡ್ಡು ಕಳಿಸಲು ಒಳ್ಳೆಯ ದಾರಿ ಎಂಬುದಿಲ್ಲ. ಇದೆ ಎಂದು ಹೇಳಿದವನು ನಿಮ್ಮ ದುಡ್ಡಿನ ಮೇಲೆ ಕಣ್ಣಿಟ್ಟವನು. ನಿಮ್ಮ ಸಿಮ್ಮು, ಕಾರ್ಡು, ಪಾಸ್‌ಬುಕ್ಕು ಸಾವಿರ ಕೊಟ್ಟರೂ ಲಕ್ಷ ಕೊಟ್ಟರೂ ಬೇರೆಯವರ ಕೈಗೆ ಹೋಗಬಾರದು. ಈಗಾಗಲೇ ಕೊಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಇವತ್ತೇ ಬ್ಯಾಂಕಿಗೆ ಹೋಗಿ, 1930ಕ್ಕೆ ಕರೆ ಮಾಡಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಕರೆದುಕೊಳ್ಳಿ. ಅವರೂ ಹೇಳಲಾಗದೆ ಕುಳಿತಿರಬಹುದು.